ಹಳದಿ ತೊಲೆಯ ಮೇಲಿನ ಅಂಕಿ: ದೊಡ್ಡ ಫ್ಯಾಬ್ರಿಕೇಷನ್ ಕಾರ್ಖಾನೆಯನ್ನೂ ಅದರ ಕ್ರೇನ್‌ಗಳನ್ನೂ ನೋಡುವುದು ಹೇಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಮುಂದಿನ ಒಂದು ವಾರ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರಿನ ಜನ ಉಸಿರು ಬಿಗಿಹಿಡಿದು ಕಾದರು. ಅದುವರೆಗೆ ಎಂಜಿನಿಯರುಗಳ ಬಾಯಲ್ಲಷ್ಟೇ ಇದ್ದ ಸ್ಟಾಪ್‌ಲಾಗ್ (ಗೇಟಿನ ಬದಲು ಕಿಂಡಿಗೆ ಇಳಿಸುವ ತಾತ್ಕಾಲಿಕ ತಡೆ), ಎಲಿಮೆಂಟ್ (ಆ ತಡೆಯ ಒಂದೊಂದು ತುಂಡು), ಕ್ರೇನ್ ಸಾಮರ್ಥ್ಯ ಎಂಬ ಮಾತುಗಳು ಹೊಲದ ಬದುವಿಗೂ ಬಂದವು. ಮುಚ್ಚಬೇಕಿದ್ದ ಕಿಂಡಿ 60 ಅಡಿ ಅಗಲ, 20 ಅಡಿ ಎತ್ತರದ್ದು. ಅದಕ್ಕಾಗಿ ಹೊಸಪೇಟೆ, ತೋರಣಗಲ್ಲು ಭಾಗದ ವರ್ಕ್‌ಶಾಪ್‌ಗಳಲ್ಲಿ ಹಗಲಿರುಳೂ ಉಕ್ಕು ಕತ್ತರಿಸಿ ಬೆಸೆದರು. ಆದರೆ ತಯಾರಾದದ್ದು ಒಂದು ಗೇಟಲ್ಲ, ತಲಾ 4 ಅಡಿ ಎತ್ತರದ ಐದು ತುಂಡುಗಳು. ಕ್ರೇನಿನ ಸಹಾಯದಿಂದ ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ನೀರು ನಿಲ್ಲಿಸಿದರು.

ಇಡೀ ಗೇಟನ್ನು ಒಂದೇ ತುಂಡಾಗಿ ಮಾಡಿ ಇಳಿಸಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಭಾರೀ ಉಕ್ಕಿನ ಕೆಲಸದ ಇಡೀ ಲೋಕವೇ ತೆರೆದುಕೊಳ್ಳುತ್ತದೆ. ಈ ಲೋಕದಲ್ಲಿ ಎಷ್ಟು ದೊಡ್ಡದನ್ನು ಮಾಡಬಲ್ಲೆವು ಎಂಬುದು ಮೊದಲ ಪ್ರಶ್ನೆಯಲ್ಲ. ಎಷ್ಟನ್ನು ಎತ್ತಬಲ್ಲೆವು, ಎತ್ತಿದ್ದನ್ನು ಯಾವ ದಾರಿಯಲ್ಲಿ ಒಯ್ಯಬಲ್ಲೆವು ಎಂಬುದೇ ಮೊದಲು. ಹರಿಯುವ ನೀರಿನಲ್ಲಿ ಇಳಿಸುವಾಗಲಂತೂ ಸಣ್ಣ ತುಂಡಿನ ಮೇಲೆ ಬೀಳುವ ಒತ್ತಡವೂ ಕಡಿಮೆ, ಕ್ರೇನಿನ ಮೇಲಿನ ಹೊರೆಯೂ ಕಡಿಮೆ.

ದೊಡ್ಡ ಫ್ಯಾಬ್ರಿಕೇಷನ್ ಕಾರ್ಖಾನೆಯೊಂದರ ಒಳಗೆ ಹೋಗುವ ಅವಕಾಶ ನಿಮಗೆ ಸಿಕ್ಕರೆ, ಕಾಲೇಜಿನ ಇಂಡಸ್ಟ್ರಿಯಲ್ ವಿಸಿಟ್ ಆಗಿರಲಿ, ನೆಂಟರ ಮೂಲಕ ಸಿಕ್ಕ ಪಾಸ್ ಆಗಿರಲಿ, ಮೊದಲು ತಲೆಯೆತ್ತಿ ಮೇಲೆ ನೋಡಿ. ಸೂರಿನ ಕೆಳಗೆ ಅಡ್ಡಲಾಗಿ ಚಾಚಿದ ತೊಲೆ ಕಾಣುತ್ತದೆ, ಬಹುತೇಕ ಹಳದಿ ಬಣ್ಣದ್ದು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಎಸ್‌ಡಬ್ಲ್ಯುಎಲ್ ಎಂದು ಬರೆದು, ಪಕ್ಕದಲ್ಲಿ ಟನ್ನುಗಳಲ್ಲಿ ಒಂದು ಅಂಕಿ ಕೊಟ್ಟಿರುತ್ತಾರೆ. ಸುರಕ್ಷಿತವಾಗಿ ಎತ್ತಬಹುದಾದ ಗರಿಷ್ಠ ಭಾರ ಅದು. ಆ ಕಾರ್ಖಾನೆ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದರ ಬಹುಪಾಲು ಆ ಅಂಕಿಯಲ್ಲೇ ಇದೆ.

ಫ್ಯಾಬ್ರಿಕೇಷನ್ ಅಂದರೇನು?

ಬೀದಿ ಬದಿಯ ಗ್ರಿಲ್ ಅಂಗಡಿಯಲ್ಲಿ ನಡೆಯುವುದೂ ಫ್ಯಾಬ್ರಿಕೇಷನ್ನೇ. ಉಕ್ಕನ್ನು ಕತ್ತರಿಸಿ, ಬಗ್ಗಿಸಿ, ಜೋಡಿಸಿ, ಬೆಸೆದು ಹೊಸ ರೂಪ ಕೊಡುವ ಕೆಲಸ. ಭಾರೀ ಫ್ಯಾಬ್ರಿಕೇಷನ್ನಿನಲ್ಲಿ ಹಂತಗಳು ಅವೇ, ಗಾತ್ರ ಮಾತ್ರ ಬೇರೆ. ತೈಲ ಶುದ್ಧೀಕರಣ ಘಟಕದ ರಿಯಾಕ್ಟರ್, ರಸಗೊಬ್ಬರ ಕಾರ್ಖಾನೆಯ ಕಾಲಮ್ ಎಂಬ ಎತ್ತರದ ಕೊಳವೆಯಾಕಾರದ ಪಾತ್ರೆ, ವಿದ್ಯುತ್ ಸ್ಥಾವರದ ಬಾಯ್ಲರ್ ಡ್ರಮ್, ಅಣೆಕಟ್ಟೆಯ ಗೇಟು, ಸೇತುವೆಯ ಗರ್ಡರ್, ಹಡಗಿನ ಒಡಲು ಇವೆಲ್ಲ ಇಂಥ ಶೆಡ್ಡುಗಳಲ್ಲಿ ಹುಟ್ಟುತ್ತವೆ.

ಉಕ್ಕಿನ ಭಾರದ ಅಂದಾಜು ಇದ್ದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಘನ ಮೀಟರ್ ಉಕ್ಕು 7,850 ಕಿಲೋ ತೂಗುತ್ತದೆ. ದಪ್ಪ ಗೋಡೆಯ ರಿಯಾಕ್ಟರಿಗೆ ಬೇಕಾದ, 10 ಮೀಟರ್ ಉದ್ದ, 3 ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಒಂದೇ ಒಂದು ಪ್ಲೇಟ್ ತೆಗೆದುಕೊಳ್ಳಿ. ಅದರ ತೂಕ 23 ಟನ್ ದಾಟುತ್ತದೆ. ಇದಿನ್ನೂ ಕಚ್ಚಾ ಮಾಲು. ಇಂಥದ್ದನ್ನು ಲಾರಿಯಿಂದ ಇಳಿಸಲು ಕ್ರೇನ್ ಬೇಕು, ಕತ್ತರಿಸುವ ಮೇಜಿಗೆ ಏರಿಸಲು ಬೇಕು, ಬಗ್ಗಿಸುವ ಯಂತ್ರಕ್ಕೆ ಕೊಡಲು ಬೇಕು, ಬಗ್ಗಿದ ಮೇಲೆ ಹೊರತೆಗೆಯಲೂ ಬೇಕು. ಕ್ರೇನ್ ನಿಂತ ದಿನ ಇಡೀ ಶೆಡ್ಡಿನ ಕೆಲಸವೇ ನಿಲ್ಲುತ್ತದೆ.

ಪ್ಲೇಟಿನಿಂದ ಪಾತ್ರೆಯವರೆಗೆ

ಇಂಥ ಶೆಡ್ಡುಗಳನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿರುತ್ತಾರೆ. ಎರಡು ಸಾಲು ಕಂಬಗಳ ನಡುವಿನ ಒಂದೊಂದು ಪಟ್ಟಿಯನ್ನು ಬೇ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ತುದಿಯಲ್ಲಿ ಪ್ಲೇಟ್ ಒಳಬಂದರೆ ಇನ್ನೊಂದು ತುದಿಯಲ್ಲಿ ಸಿದ್ಧ ವಸ್ತು ಹೊರಹೋಗುತ್ತದೆ. ಮಾಲು ಮುಂದೆ ಸಾಗಿದಂತೆ ಭಾರ ಹೆಚ್ಚುವುದರಿಂದ, ಶುರುವಿನಲ್ಲಿ ಸಣ್ಣ ಕ್ರೇನ್, ಕೊನೆಗೆ ದೊಡ್ಡದು.

ಮೊದಲು ಪ್ಲೇಟಿನ ಮೇಲೆ ಗುರುತು ಹಾಕಿ ಗ್ಯಾಸ್ ಜ್ವಾಲೆ ಅಥವಾ ಪ್ಲಾಸ್ಮಾದಿಂದ ಕತ್ತರಿಸುತ್ತಾರೆ. ಬೆಸುಗೆಯ ಲೋಹ ಆಳದವರೆಗೆ ಇಳಿಯಲಿ ಎಂದು ಅಂಚನ್ನು ಓರೆಯಾಗಿ ಸವರುತ್ತಾರೆ. ಆಮೇಲೆ ಪ್ಲೇಟನ್ನು ಭಾರೀ ಉರುಳೆಗಳ ನಡುವೆ ಹಲವು ಸಲ ಹಾಯಿಸಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಬಳೆಯ ಆಕಾರಕ್ಕೆ ತರುತ್ತಾರೆ. ಇಂಥ ಬಳೆಗಳನ್ನು ಸಾಲಾಗಿ ಜೋಡಿಸಿದರೆ ಉದ್ದನೆಯ ಕೊಳವೆಯಾಕಾರದ ಪಾತ್ರೆ ಸಿದ್ಧ.

ಬೆಸುಗೆ ಎಂದರೆ ಕಣ್ಣು ಕುಕ್ಕುವ ಕಿಡಿ ಎಂದುಕೊಂಡು ಹೋದವರಿಗೆ ಇಲ್ಲಿ ಅಚ್ಚರಿ ಕಾದಿದೆ. ದಪ್ಪ ಪ್ಲೇಟುಗಳ ಬೆಸುಗೆಯಲ್ಲಿ ಬಹುಪಾಲು ನಡೆಯುವುದು ಒಂದು ಬಗೆಯ ಹರಳು ಪುಡಿಯ ಅಡಿಯಲ್ಲಿ. ಫ್ಲಕ್ಸ್ ಎಂಬ ಆ ಪುಡಿ ಬೆಸುಗೆಯ ಬೆಂಕಿಯನ್ನು ಪೂರಾ ಮುಚ್ಚಿ ಗಾಳಿಯಿಂದ ಕಾಪಾಡುತ್ತದೆ. ಬೆಳಕು ಕಾಣುವುದಿಲ್ಲ, ಪಾತ್ರೆ ಮಾತ್ರ ಉರುಳೆಗಳ ಮೇಲೆ ಮೆಲ್ಲಗೆ ತಿರುಗುತ್ತಿರುತ್ತದೆ. ಬೆಸೆಯುವ ಮುಂಚೆ ಪ್ಲೇಟನ್ನು ಬಿಸಿ ಮಾಡುತ್ತಾರೆ. ಹಾಗೆ ಮಾಡದಿದ್ದರೆ ದಪ್ಪ ಉಕ್ಕು ಬೆಸುಗೆಯ ಶಾಖವನ್ನು ಥಟ್ಟನೆ ಹೀರಿಕೊಂಡು, ಬೆಸುಗೆ ಬೇಗ ತಣಿದು ಬಿರುಕು ಬಿಡುವ ಅಪಾಯವಿದೆ. ಎಲ್ಲ ಬೆಸುಗೆ ಮುಗಿದ ಮೇಲೂ ಉಕ್ಕಿನೊಳಗೆ ಎಳೆತ ಉಳಿದಿರುತ್ತದೆ. ಅದನ್ನು ಸಡಿಲಿಸಲು ಮನೆಯಷ್ಟು ದೊಡ್ಡ ಕುಲುಮೆಯಲ್ಲಿಟ್ಟು, ಸಾಮಾನ್ಯ ಕಾರ್ಬನ್ ಉಕ್ಕಾದರೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ನಿಧಾನವಾಗಿ ತಣಿಸುತ್ತಾರೆ.

ಕೊನೆಗೆ ಪರೀಕ್ಷೆ. ಎಕ್ಸ್‌ರೇ ಅಥವಾ ಗಾಮಾ ಕಿರಣ, ಅಲ್ಟ್ರಾಸೌಂಡ್‌ನಿಂದ ಬೆಸುಗೆಯ ಒಳಗನ್ನು ನೋಡುತ್ತಾರೆ. ಒತ್ತಡ ತಡೆಯಬೇಕಾದ ಪಾತ್ರೆಯಾದರೆ ಒಳಗೆ ನೀರು ತುಂಬಿ, ವಿನ್ಯಾಸದ ಒತ್ತಡಕ್ಕಿಂತ ಹೆಚ್ಚು, ಅನೇಕ ವೇಳೆ 1.3 ಪಟ್ಟು ಒತ್ತಡ ಕೊಡುತ್ತಾರೆ. ಗಾಳಿಯ ಬದಲು ನೀರೇ ಯಾಕೆ? ಒತ್ತಡಕ್ಕೆ ಸಿಕ್ಕ ಗಾಳಿ ಬಹಳ ಕುಗ್ಗಿ ಅಪಾರ ಶಕ್ತಿ ಕೂಡಿಟ್ಟುಕೊಳ್ಳುತ್ತದೆ, ಪಾತ್ರೆ ಒಡೆದರೆ ಅದು ಸ್ಫೋಟ. ನೀರು ಕುಗ್ಗುವುದೇ ಕಡಿಮೆ, ಬಿರುಕು ಬಿಟ್ಟರೆ ಒತ್ತಡ ತಕ್ಷಣ ಇಳಿದುಹೋಗುತ್ತದೆ.

200 ಟನ್ ಎತ್ತಲು ಎಷ್ಟು ಶಕ್ತಿ ಬೇಕು?

ಶೆಡ್ಡಿನೊಳಗಿನ ಕ್ರೇನಿಗೆ ಕೆಲಸಗಾರರು ಇಒಟಿ ಎನ್ನುತ್ತಾರೆ. ವಿದ್ಯುತ್ತಿನಿಂದ ನಡೆಯುವ, ತಲೆಯ ಮೇಲೆ ಓಡಾಡುವ ಕ್ರೇನ್ ಎಂದು ಅರ್ಥ. ಅದಕ್ಕೆ ಮೂರು ಚಲನೆ. ಇಡೀ ತೊಲೆ ಬೇಯ ಉದ್ದಕ್ಕೂ ಹಳಿಗಳ ಮೇಲೆ ಓಡುವುದು ಲಾಂಗ್ ಟ್ರಾವೆಲ್. ತೊಲೆಯ ಮೇಲಿನ ಟ್ರಾಲಿ ಅಡ್ಡಕ್ಕೆ ಸರಿಯುವುದು ಕ್ರಾಸ್ ಟ್ರಾವೆಲ್. ಟ್ರಾಲಿಯಲ್ಲಿರುವ ಡ್ರಮ್ ಉಕ್ಕಿನ ಹಗ್ಗವನ್ನು ಸುತ್ತಿ ಬಿಚ್ಚಿ ಕೊಕ್ಕೆಯನ್ನು ಮೇಲೆ ಕೆಳಗೆ ಮಾಡುವುದು ಹಾಯ್ಸ್ಟ್. ಈ ಮೂರೂ ಸೇರಿದರೆ ಬೇಯ ಯಾವ ಮೂಲೆಗಾದರೂ ಕೊಕ್ಕೆ ತಲುಪುತ್ತದೆ.

ಕೊಕ್ಕೆಯ ಮೇಲಿರುವ ದೊಡ್ಡ ರಾಟೆಗಳ ಗುಂಪನ್ನು ಗಮನಿಸಿ. ಹಗ್ಗ ಒಂದೇ, ಆದರೆ ಅದು ಮೇಲಿನ ಮತ್ತು ಕೆಳಗಿನ ರಾಟೆಗಳ ನಡುವೆ ಹಲವು ಸಲ ಹೋಗಿ ಬರುತ್ತದೆ. ಅಂಥ ಒಂದೊಂದು ಎಳೆಗೆ ಫಾಲ್ ಎಂದು ಹೆಸರು. 16 ಫಾಲ್ ಇದ್ದರೆ 200 ಟನ್ ಭಾರ 16 ಕಡೆ ಹಂಚಿಹೋಗಿ, ಒಂದೊಂದು ಎಳೆಯ ಮೇಲೆ ಬೀಳುವುದು ಸುಮಾರು 12.5 ಟನ್. ಅದಕ್ಕೆ ತೆರುವ ಬೆಲೆ ವೇಗದ್ದು. ಕೊಕ್ಕೆ 1 ಮೀಟರ್ ಮೇಲೇರಲು ಅಷ್ಟೂ ಎಳೆಗಳು ಒಂದೊಂದು ಮೀಟರ್ ಗಿಡ್ಡವಾಗಬೇಕು, ಅಂದರೆ ಒಟ್ಟು 16 ಮೀಟರ್ ಹಗ್ಗ ಸುತ್ತಿಕೊಳ್ಳಬೇಕು. ಭಾರೀ ಕ್ರೇನ್‌ಗಳು ಆಮೆಗತಿಯಲ್ಲಿ ಎತ್ತುವುದಕ್ಕೆ ಇದೊಂದು ಕಾರಣ. ತೂಗಾಡದಂತೆ, ಕೂದಲೆಳೆಯಷ್ಟು ಅಂತರದಲ್ಲಿ ಕೂರಿಸಬೇಕಾಗುವುದು ಇನ್ನೊಂದು.

ನಿಧಾನವಾಗಿ ಎತ್ತುವುದರಿಂದ ಬೇಕಾಗುವ ಶಕ್ತಿ ನಾವು ಊಹಿಸುವುದಕ್ಕಿಂತ ಎಷ್ಟೋ ಕಡಿಮೆ. 200 ಟನ್ನನ್ನು ನಿಮಿಷಕ್ಕೆ 1 ಮೀಟರಿನಂತೆ ಎತ್ತಲು ಲೆಕ್ಕದ ಪ್ರಕಾರ ಸುಮಾರು 33 ಕಿಲೋವ್ಯಾಟ್ ಸಾಕು, ಅಂದರೆ 44 ಎಚ್‌ಪಿ. ರಾಟೆ, ಗೇರುಗಳ ಘರ್ಷಣೆಯ ನಷ್ಟ ಸೇರಿಸಿದರೆ ಇನ್ನಷ್ಟು. ನಮ್ಮ ಹೊಲಗಳಲ್ಲಿ ಓಡಾಡುವ ಸಾಧಾರಣ ಟ್ರ್ಯಾಕ್ಟರಿನ ಎಂಜಿನ್ ಕೂಡ ಹೆಚ್ಚುಕಮ್ಮಿ ಅಷ್ಟೇ ಶಕ್ತಿಯದು.

ಹಾಗಾದರೆ ಕಷ್ಟ ಇರುವುದೆಲ್ಲಿ? ಎತ್ತಿದ ಭಾರವನ್ನು ಹೊರುವುದರಲ್ಲಿ. ಆ 200 ಟನ್ ತೊಲೆಗೆ, ತೊಲೆಯಿಂದ ಚಕ್ರಕ್ಕೆ, ಚಕ್ರದಿಂದ ಹಳಿಗೆ, ಹಳಿಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ ಇಳಿಯುತ್ತದೆ. ಕ್ರೇನ್ ಓಡಾಡಿದಂತೆ ಹೊರೆ ಬೀಳುವ ಜಾಗವೂ ಬದಲಾಗುತ್ತ ಹೋಗುತ್ತದೆ. ಹಾಗಾಗಿ ಶೆಡ್ಡಿಗೆ ಗುದ್ದಲಿ ಹಾಕುವ ಮೊದಲೇ ಕ್ರೇನಿನ ಅಂಕಿ ತೀರ್ಮಾನವಾಗಿರಬೇಕು. 50 ಟನ್ನಿಗೆಂದು ಕಟ್ಟಿದ ಶೆಡ್ಡಿನಲ್ಲಿ ಮುಂದೊಂದು ದಿನ 200 ಟನ್ನಿನ ಕ್ರೇನ್ ಬೇಕೆಂದರೆ ಕ್ರೇನ್ ಬದಲಿಸಿದರೆ ಸಾಲದು. ಕಂಬ, ಅಡಿಪಾಯ ಎಲ್ಲವನ್ನೂ ಬಲಪಡಿಸಬೇಕು, ಎಷ್ಟೋ ಸಲ ಹೊಸ ಶೆಡ್ಡನ್ನೇ ಕಟ್ಟಬೇಕು. ಕೊಕ್ಕೆ ಏರುವ ಎತ್ತರಕ್ಕೂ ಇದೇ ಮಾತು ಸಲ್ಲುತ್ತದೆ. 60 ಮೀಟರ್ ಉದ್ದದ ಕಾಲಮ್ಮನ್ನು ನಿಲ್ಲಿಸಿ ಮಾಡುವಷ್ಟು ಎತ್ತರದ ಶೆಡ್ಡು ಇಂಥ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥವನ್ನು ಮಲಗಿಸಿಯೇ ತಯಾರಿಸಿ, ಸ್ಥಾವರಕ್ಕೆ ಒಯ್ದ ಮೇಲೆ ಒಂದು ಕ್ರೇನ್ ತಲೆ ಎತ್ತುತ್ತ, ಇನ್ನೊಂದು ಬಾಲ ಹಿಡಿಯುತ್ತ ನೆಟ್ಟಗೆ ನಿಲ್ಲಿಸುತ್ತಾರೆ.

ಕೊಕ್ಕೆಯ ಕೆಳಗಿನ ಕೆಲಸ

ಕಾರ್ಖಾನೆ ನೋಡಲು ಹೋದವರ ಕಣ್ಣು ದೊಡ್ಡ ಕ್ರೇನಿನ ಮೇಲೆ ನೆಟ್ಟಿರುತ್ತದೆ. ನನ್ನ ಮಟ್ಟಿಗೆ ಹೆಚ್ಚು ನೋಡಬೇಕಾದದ್ದು ಕೊಕ್ಕೆಗೂ ವಸ್ತುವಿಗೂ ನಡುವಿನ ಆ ನಾಲ್ಕು ಮಾರು ಜಾಗ. ಅಲ್ಲಿ ಕೆಲಸ ಮಾಡುವವರು ರಿಗ್ಗರ್‌ಗಳು. ಸ್ಲಿಂಗ್ ಎಂಬ ಉಕ್ಕಿನ ಹಗ್ಗ ಅಥವಾ ಪಟ್ಟಿಯನ್ನು ಎಲ್ಲಿ ಕಟ್ಟಬೇಕು, ಯಾವ ಕೋನದಲ್ಲಿ ಕಟ್ಟಬೇಕು ಎಂಬುದು ಅವರ ವಿದ್ಯೆ.

10 ಟನ್ನಿನ ವಸ್ತುವನ್ನು ಎರಡು ಸ್ಲಿಂಗ್‌ಗಳಿಂದ ಎತ್ತುತ್ತಿದ್ದಾರೆ ಎನ್ನಿ. ಎರಡೂ ನೇರವಾಗಿ ಇಳಿಬಿದ್ದಿದ್ದರೆ ತಲಾ 5 ಟನ್ ಹೊರುತ್ತವೆ. ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿ ಓರೆಯಾದರೆ ತಲಾ 5.8 ಟನ್. 45 ಡಿಗ್ರಿಯಲ್ಲಿ 7.1 ಟನ್. 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ ಪೂರ್ತಿ 10 ಟನ್! ವಸ್ತುವಿನ ಭಾರ ಹೆಚ್ಚಲಿಲ್ಲ, ಸ್ಲಿಂಗ್ ಬದಲಾಗಲಿಲ್ಲ, ಆದರೂ ಎಳೆತ ಇಮ್ಮಡಿಯಾಯಿತು. ಓರೆಯಾದ ಹಗ್ಗ ವಸ್ತುವನ್ನು ಮೇಲೆತ್ತುವುದರ ಜೊತೆಗೆ ಒಳಕ್ಕೂ ಎಳೆಯುತ್ತಿರುತ್ತದೆ, ಆ ಎಳೆತದಿಂದ ಒಂದು ಗುಲಗಂಜಿಯೂ ಮೇಲೇಳುವುದಿಲ್ಲ. ಉದ್ದನೆಯ ವಸ್ತುಗಳನ್ನು ಎತ್ತುವಾಗ ನಡುವೆ ಒಂದು ಅಡ್ಡ ತೊಲೆ ಕಟ್ಟಿ, ಅದರಿಂದ ಸ್ಲಿಂಗ್‌ಗಳನ್ನು ನೇರ ಕೆಳಗೆ ಬಿಡುವುದು ಇದೇ ಕಾರಣಕ್ಕೆ. ಅದನ್ನು ಸ್ಪ್ರೆಡರ್ ಬೀಮ್ ಎನ್ನುತ್ತಾರೆ.

ಇನ್ನೊಂದು ವಿಷಯ ಗುರುತ್ವ ಕೇಂದ್ರ. ವಸ್ತುವಿನ ಭಾರವೆಲ್ಲ ಒಂದೆಡೆ ಕೂಡಿದೆ ಎಂದು ಲೆಕ್ಕ ಹಿಡಿಯಬಹುದಾದ ಬಿಂದು ಅದು. ಕೊಕ್ಕೆ ಅದರ ನೇರ ಮೇಲಿರದಿದ್ದರೆ, ನೆಲ ಬಿಟ್ಟ ಕ್ಷಣವೇ ವಸ್ತು ವಾಲಿಕೊಂಡು ಸರಿಯುತ್ತದೆ. ಅದಕ್ಕೇ ನುರಿತ ತಂಡ ಭಾರವನ್ನು ಮೊದಲು ನೆಲದಿಂದ ಸ್ವಲ್ಪವೇ ಎತ್ತಿ ನಿಲ್ಲಿಸುತ್ತದೆ. ವಾಲಿತೇ, ಸ್ಲಿಂಗ್ ಜಾರಿತೇ, ಬ್ರೇಕ್ ಹಿಡಿಯಿತೇ ಎಂದು ನೋಡಿ ಮುಂದುವರಿಯುತ್ತದೆ. ಸುತ್ತಲಿದ್ದವರೆಲ್ಲ ಕೂಗಿ ಹೇಳುವಂತಿಲ್ಲ. ಸಿಗ್ನಲ್ ಕೊಡುವವನು ಒಬ್ಬನೇ. ಬಂದರು, ಹಡಗುಕಟ್ಟೆಗಳ ಕಡೆಯಿಂದ ಬಂದ ಹಳೆಯ ಕೆಲಸಗಾರರ ಬಾಯಲ್ಲಿ ಇಂದಿಗೂ ಎತ್ತು ಅನ್ನಲು ಹಬೀಸ್, ಇಳಿಸು ಅನ್ನಲು ಆರ್ಯ ಎಂಬ ಕೂಗು ಕೇಳಬಹುದು. ಆದರೆ ನಿಲ್ಲಿಸು ಎಂಬ ಸಂಜ್ಞೆಯನ್ನು ಮಾತ್ರ ಯಾರು ಕೊಟ್ಟರೂ ಆಪರೇಟರ್ ಪಾಲಿಸಲೇಬೇಕು.

ಹೊರಗಿನ ಕ್ರೇನ್‌ಗಳ ಲೆಕ್ಕ ಬೇರೆ

ಟೈರು ಅಥವಾ ಕ್ರಾಲರ್ (ಯುದ್ಧ ಟ್ಯಾಂಕಿನದರಂಥ ಉಕ್ಕಿನ ಪಟ್ಟಿ) ಮೇಲೆ ಬರುವ, ಬೂಮ್ ಎಂಬ ಉದ್ದನೆಯ ತೋಳು ಚಾಚುವ ಕ್ರೇನ್‌ಗಳಿಗೆ ಒಂದೇ ಅಂಕಿ ಸಾಲದು. ಬೂಮ್ ದೂರ ಚಾಚಿದಷ್ಟೂ ಕ್ರೇನ್ ಮಗುಚಿಕೊಳ್ಳುವ ಅಪಾಯ ಹೆಚ್ಚುವುದರಿಂದ, ಎತ್ತಬಹುದಾದ ಭಾರ ಇಳಿಯುತ್ತ ಹೋಗುತ್ತದೆ. 500 ಟನ್ನಿನ ಕ್ರೇನ್ ಎಂದರೆ ಬಹಳ ಹತ್ತಿರದಲ್ಲಿ ಅಷ್ಟು ಎತ್ತೀತು ಎಂದರ್ಥ, ದೂರಕ್ಕೆ ಚಾಚಿದರೆ ಅದರ ಸಣ್ಣ ಪಾಲು ಮಾತ್ರ. ಪ್ರತಿ ದೂರಕ್ಕೆ ಎಷ್ಟು ಭಾರ ಎಂದು ಹೇಳುವ ಪಟ್ಟಿಯೇ ಲೋಡ್ ಚಾರ್ಟ್. ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ ಅಣುಸ್ಥಾವರದ ನಿರ್ಮಾಣಕ್ಕೆ ಬಿಗ್ ಕಾರ್ಲ್ ಎಂಬ ಕ್ರೇನ್ ಬಳಸಿದರು, ಅದರ ಗರಿಷ್ಠ ಸಾಮರ್ಥ್ಯ 5,000 ಟನ್. 2023ರ ಡಿಸೆಂಬರಿನಲ್ಲಿ ಅದು ರಿಯಾಕ್ಟರ್ ಕಟ್ಟಡದ ಮೇಲೆ ಕೂರಿಸಿದ ಉಕ್ಕಿನ ಗುಮ್ಮಟದ ತೂಕ 245 ಟನ್ ಮಾತ್ರ. ಎತ್ತರಕ್ಕೆ, ದೂರಕ್ಕೆ ಕೈಚಾಚಿ ಕೂರಿಸಬೇಕಾದಾಗ ಅಷ್ಟು ದೊಡ್ಡ ಯಂತ್ರವೇ ಬೇಕಾಗುತ್ತದೆ.

ಹಡಗುಕಟ್ಟೆಗಳಲ್ಲಿ ಕಾಣುವ ಬೃಹತ್ ಬಾಗಿಲ ಚೌಕಟ್ಟಿನಂಥದ್ದು ಗ್ಯಾಂಟ್ರಿ ಕ್ರೇನ್. ಇಒಟಿಯ ತೊಲೆಗೆ ಶೆಡ್ಡಿನ ಕಂಬಗಳ ಬದಲು ಸ್ವಂತ ಕಾಲು ಕೊಟ್ಟು, ನೆಲದ ಹಳಿಗಳ ಮೇಲೆ ಓಡಿಸಿದಂತೆ. ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ 310 ಮೀಟರ್ ಉದ್ದದ ಹೊಸ ಡ್ರೈ ಡಾಕ್‌ಗೆ (ನೀರು ಖಾಲಿ ಮಾಡಿ ಹಡಗು ಕಟ್ಟುವ ದೊಡ್ಡ ತೊಟ್ಟಿ) 600 ಟನ್ನಿನ ಗ್ಯಾಂಟ್ರಿ ಇದೆ. ಹಡಗನ್ನು ಈಗ ಯಾರೂ ಹಲಗೆ ಹಲಗೆಯಾಗಿ ಕಟ್ಟುವುದಿಲ್ಲ. ಶೆಡ್ಡುಗಳಲ್ಲಿ ದೊಡ್ಡ ದೊಡ್ಡ ಬ್ಲಾಕ್‌ಗಳನ್ನು ಮಾಡಿ, ಪೈಪು ವೈರುಗಳನ್ನೂ ಒಳಗೆ ಜೋಡಿಸಿ, ಡಾಕ್‌ಗೆ ತಂದು ಸೇರಿಸುತ್ತಾರೆ. ಕ್ರೇನ್ ದೊಡ್ಡದಾದಷ್ಟೂ ಬ್ಲಾಕ್ ದೊಡ್ಡದು. ಬ್ಲಾಕ್ ದೊಡ್ಡದಾದಷ್ಟೂ ಡಾಕ್‌ನಲ್ಲಿ ಮಾಡುವ ಜೋಡಣೆ ಕಡಿಮೆ, ಡಾಕ್ ಬೇಗ ಖಾಲಿ, ಮುಂದಿನ ಹಡಗಿಗೆ ಬೇಗ ಜಾಗ.

ಒಂದು ಊರಿನ ಪಾಲಿಗೆ ಇಂಥ ಕ್ರೇನ್ ಏನಾಗಿರುತ್ತದೆ ಎಂಬುದಕ್ಕೆ ಸ್ವೀಡನ್ನಿನ ಮಾಲ್ಮೋ ಸಾಕ್ಷಿ. ಅಲ್ಲಿನ ಕೋಕುಮ್ಸ್ ಹಡಗುಕಟ್ಟೆಯ ಗ್ಯಾಂಟ್ರಿ 138 ಮೀಟರ್ ಎತ್ತರದ್ದು, 1,500 ಟನ್ ಎತ್ತುತ್ತಿತ್ತು. ಹಡಗು ಕಟ್ಟುವ ಕೆಲಸ ಯುರೋಪಿನಿಂದ ಪೂರ್ವ ಏಷ್ಯಾಕ್ಕೆ ಸರಿದ ಮೇಲೆ ಅದು ಕೆಲಸವಿಲ್ಲದೆ ನಿಂತಿತು. 2002ರಲ್ಲಿ ದಕ್ಷಿಣ ಕೊರಿಯಾದ ಹ್ಯುಂಡೈ ಹೆವಿ ಇಂಡಸ್ಟ್ರೀಸ್ ಅದನ್ನು ಕೊಂಡದ್ದು ಒಂದೇ ಒಂದು ಡಾಲರಿಗೆ. ಬಿಚ್ಚಿ ಸಾಗಿಸುವ ಖರ್ಚು ಕೊಂಡವರದೇ. ಈಗ ಅದು ಉಲ್ಸಾನ್‌ನಲ್ಲಿ ದುಡಿಯುತ್ತಿದೆ, ಮಾಲ್ಮೋದ ಕಣ್ಣೀರು ಎಂಬ ಹೆಸರು ಹೊತ್ತುಕೊಂಡು.

ಹಜೀರಾದಿಂದ ಫ್ರಾನ್ಸಿಗೆ ಹೋದ 54 ತುಂಡುಗಳು

ಎತ್ತುವ ಮತ್ತು ಒಯ್ಯುವ ಲೆಕ್ಕ ವಸ್ತುವಿನ ರೂಪವನ್ನೇ ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಭಾರತದ್ದೇ. ಫ್ರಾನ್ಸಿನ ದಕ್ಷಿಣದಲ್ಲಿ ಐಟರ್ ಎಂಬ ಅಂತರರಾಷ್ಟ್ರೀಯ ಸಮ್ಮಿಲನ ಸಂಶೋಧನಾ ಯಂತ್ರ ನಿರ್ಮಾಣವಾಗುತ್ತಿದೆ. ಸೂರ್ಯನಲ್ಲಿ ನಡೆಯುವಂತೆ ಪರಮಾಣು ಬೀಜಗಳನ್ನು ಒಂದುಗೂಡಿಸಿ ಶಕ್ತಿ ಪಡೆಯುವ ಪ್ರಯತ್ನ ಅದು. ಇಡೀ ಯಂತ್ರವನ್ನು ಸುತ್ತುವರಿಯುವ ನಿರ್ವಾತ ಪಾತ್ರೆಗೆ ಕ್ರಯೋಸ್ಟಾಟ್ ಎನ್ನುತ್ತಾರೆ. ಸುಮಾರು 29 ಮೀಟರ್ ಅಗಲ, ಅಷ್ಟೇ ಎತ್ತರ, 3,850 ಟನ್ ಭಾರ. ಅದನ್ನು ಕೊಡುವುದು ಭಾರತದ ಪಾಲಿನ ಹೊಣೆ. ತಯಾರಿಸಿದ್ದು ಗುಜರಾತಿನ ಸೂರತ್ ಬಳಿಯ ಹಜೀರಾದಲ್ಲಿರುವ ಎಲ್ ಅಂಡ್ ಟಿ ಕಾರ್ಖಾನೆ.

29 ಮೀಟರ್ ಅಗಲದ ವಸ್ತು ಯಾವ ರಸ್ತೆಯಲ್ಲೂ ಹೋಗದು. ಆದ್ದರಿಂದ ಹಜೀರಾದಲ್ಲಿ ಅದನ್ನು 54 ತುಂಡುಗಳಾಗಿ ಮಾಡಿದರು. ಕಾರ್ಖಾನೆ ಕಡಲ ಬದಿಯಲ್ಲೇ ಇರುವುದರಿಂದ ತುಂಡುಗಳು ಹಡಗು ಹತ್ತಿದವು. ಫ್ರಾನ್ಸಿನಲ್ಲಿ ಕರಾವಳಿಯಿಂದ ಐಟರ್‌ವರೆಗೆ 104 ಕಿಲೋಮೀಟರ್ ದಾರಿಯನ್ನು ಇಂಥ ಭಾರೀ ಸಾಗಣೆಗೆಂದೇ ಅಗಲ ಮಾಡಿ, ಸೇತುವೆಗಳನ್ನು ಬಲಪಡಿಸಿದ್ದರು. ಅಲ್ಲಿನ ತಾತ್ಕಾಲಿಕ ಶೆಡ್ಡಿನಲ್ಲಿ ತುಂಡುಗಳನ್ನು ಬೆಸೆದು ನಾಲ್ಕು ದೊಡ್ಡ ಭಾಗ ಮಾಡಿದರು. ಅದರಲ್ಲಿ ತಳಭಾಗವೇ 1,250 ಟನ್. ಐಟರ್‌ನ ಜೋಡಣಾ ಕಟ್ಟಡದಲ್ಲಿ 750 ಟನ್ನಿನ ಎರಡು ಕ್ರೇನ್‌ಗಳಿವೆ. ಎರಡನ್ನೂ ಜೋಡಿಸಿದರೆ 1,500 ಟನ್ ಎತ್ತುತ್ತವೆ. 2020ರ ಮೇ ಕೊನೆಯಲ್ಲಿ ಆ ಜೋಡಿ ತಳಭಾಗವನ್ನು ಎತ್ತಿ, ಯಂತ್ರದ ಗುಂಡಿಯೊಳಗೆ ಇಳಿಸಿ ಕೂರಿಸಿತು. ಹಡಗು, ರಸ್ತೆ, ಕ್ರೇನ್ ಮೂರರ ಮಿತಿಯೂ ಆ ಪಾತ್ರೆಯ ಬೆಸುಗೆ ಗೆರೆಗಳಲ್ಲಿ ಬರೆದಿವೆ.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ದಶಕಗಳಿಂದ ಎತ್ತುವ ಯಂತ್ರಗಳ ನಿಯಮಕ್ಕೆ ಬುನಾದಿಯಾಗಿದ್ದುದು 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್. ಕ್ರೇನ್, ಚೈನ್, ಹಗ್ಗಗಳ ಮೇಲೆ ಸುರಕ್ಷಿತ ಭಾರವನ್ನು ಎದ್ದುಕಾಣುವಂತೆ ಬರೆದಿರಬೇಕು, ಅದನ್ನು ಮೀರಿ ಎತ್ತುವಂತಿಲ್ಲ. ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿ ಕೂಲಂಕಷವಾಗಿ ಪರೀಕ್ಷಿಸಬೇಕು. ಹಳಿಯ ಬಳಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನ್ ಅವರಿಂದ 6 ಮೀಟರ್ ಒಳಗೆ ಬರದಂತೆ ತಡೆಯಬೇಕು. ಹೊಸ ಕ್ರೇನನ್ನು ಬಳಕೆಗೆ ಬಿಡುವ ಮೊದಲು ಗುರುತಿಸಿದ ಭಾರಕ್ಕಿಂತ ಕಾಲು ಪಾಲು ಹೆಚ್ಚು ಹೊರಿಸಿ ನೋಡುವುದು ರೂಢಿ, ಅಂದರೆ 100 ಟನ್ ಕ್ರೇನಿಗೆ 125 ಟನ್.

ಪರೀಕ್ಷೆಯ ಹೊತ್ತೇ ಅಪಾಯದ ಹೊತ್ತೂ ಹೌದು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕ್ರೇನ್ ಒಂದರ ಪರೀಕ್ಷೆ ನಡೆಯುತ್ತಿದ್ದಾಗ ಅದು ಕುಸಿದು 11 ಮಂದಿ ಪ್ರಾಣ ಕಳೆದುಕೊಂಡರು. ಭಾರದ ಕೆಳಗೆ, ಬೂಮಿನ ನೆರಳಿನಲ್ಲಿ ನಿಲ್ಲಬೇಡಿ ಎಂದು ಗದರುವ ಸೇಫ್ಟಿ ಆಫೀಸರ್ ಮೇಲೆ ಯಾರೂ ಬೇಸರ ಮಾಡಿಕೊಳ್ಳಬಾರದು.

ನೋಡಲು ಹೋಗುವವರಿಗೆ

ಐಟರ್ ಸಾರ್ವಜನಿಕರಿಗೂ ತೆರೆದಿದೆ, ಮೊದಲೇ ಹೆಸರು ನೋಂದಾಯಿಸಬೇಕು. ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿರುವ ಮೇಯರ್ ವೆರ್ಫ್ಟ್ ಹಡಗುಕಟ್ಟೆಯಲ್ಲಿ ಪ್ರವಾಸಿಗರಿಗೆಂದೇ ವೀಕ್ಷಣಾ ಕೇಂದ್ರವಿದೆ, ಸೂರಿನಡಿ ಹಡಗು ಕಟ್ಟುವುದನ್ನು ಒಳಗಿನಿಂದಲೇ ನೋಡಬಹುದು. ಬೆಲ್‌ಫಾಸ್ಟ್‌ನ ಸ್ಯಾಮ್ಸನ್, ಗೊಲಾಯತ್ ಎಂಬ ಜೋಡಿ ಹಳದಿ ಗ್ಯಾಂಟ್ರಿಗಳನ್ನು ನೋಡಲು ಒಳಗೆ ಹೋಗಬೇಕಾಗಿಯೂ ಇಲ್ಲ, ಊರಿನ ಎಷ್ಟೋ ಕಡೆಗಳಿಂದ ಕಾಣುತ್ತವೆ. ಐರೋಪ್ಯ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಮಕ್ಕಳನ್ನು ಕರೆದೊಯ್ಯಲು ಇವು ಒಳ್ಳೆಯ ಜಾಗಗಳು. ನಮ್ಮಲ್ಲಿ ಸಾಮಾನ್ಯವಾಗಿ ಕಾಲೇಜು ಅಥವಾ ಸಂಸ್ಥೆಯ ಪತ್ರದ ಮೂಲಕ ಅನುಮತಿ ಪಡೆಯಬೇಕು. ರಕ್ಷಣಾ ಕೆಲಸ ನಡೆಯುವ ಕಡೆ ಪ್ರವೇಶ ಬಿಗಿ, ಕ್ಯಾಮೆರಾ ನಿಷಿದ್ಧ.

ಗಟ್ಟಿ ಬೂಟು, ಹೆಲ್ಮೆಟ್, ಮೈಗೆ ಅಂಟುವ ಹತ್ತಿ ಬಟ್ಟೆ ಇರಲಿ. ತೂಗಾಡುವ ದುಪಟ್ಟಾ, ಶಾಲು ಬೇಡ. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ, ಆಗ ಏನೂ ಅನ್ನಿಸದಿದ್ದರೂ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ. ನೆಲದ ಮೇಲೆ ಬಿದ್ದಿರುವ ಉಕ್ಕು ಬಿಸಿ ಇದೆ ಎಂದೇ ತಿಳಿಯಿರಿ, ಮುಟ್ಟಬೇಡಿ. ಹಳದಿ ಗೆರೆಯೊಳಗೇ ನಡೆಯಿರಿ, ಸೈರನ್ ಕೇಳಿದ ಕೂಡಲೇ ತಲೆಯೆತ್ತಿ ಕೊಕ್ಕೆ ಎಲ್ಲಿದೆ ನೋಡಿ.

ಕೇಳಲು ಪ್ರಶ್ನೆಯಿದ್ದರೆ ಮ್ಯಾನೇಜರ್ ಬಳಿ ಕಾರ್ಖಾನೆಯ ವಹಿವಾಟು ಕೇಳುವ ಬದಲು ರಿಗ್ಗರ್ ಬಳಿಗೆ ಹೋಗಿ. ನೀವು ಈ ಬೇಯಲ್ಲಿ ಎತ್ತಿದ ಅತಿ ಭಾರದ ವಸ್ತು ಯಾವುದು, ಸ್ಲಿಂಗ್ ಎಲ್ಲಿ ಕಟ್ಟಿದಿರಿ, ಗೇಟಿನಿಂದ ಹೊರಗೆ ಹೋದದ್ದು ಹೇಗೆ ಎಂದು ಕೇಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸುವವರು ಸಿಗುತ್ತಾರೆ.